ಮನೆಯ ಡ್ರಾಫ್ಟ್ ಬಿಯರ್ ಯಂತ್ರ ಸೋರುತ್ತಿದೆಯೇ? ಸಿಲಿಂಡರ್‌ನಿಂದ ಹುಡುಕಿ

ಹಳೆಯ ಫ್ರಿಜ್ಜಿನೊಳಗೆ ಬಿಯರ್ ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಇಟ್ಟು, ಅದರ ಬಾಗಿಲಿಗೆ ನಲ್ಲಿ ಕೂರಿಸಿಕೊಳ್ಳುವ ಹವ್ಯಾಸ ಅಮೆರಿಕದ ಮನೆಗಳಲ್ಲಿ ಸಾಮಾನ್ಯ. ಅಲ್ಲಿ ನೆಲೆಸಿರುವ ಕನ್ನಡಿಗರ ಗ್ಯಾರೇಜುಗಳಲ್ಲೂ ಈ ‘ಕೆಜರೇಟರ್’ ಕಾಣಸಿಗುತ್ತದೆ. ಬಿಯರ್ ಸೋರಿದರೆ ಫ್ರಿಜ್ಜಿನ ತಳದಲ್ಲಿ ಅಂಟಂಟು ಮಡುವಾಗಿ ತಾನಾಗಿಯೇ ಗೊತ್ತಾಗುತ್ತದೆ. ಕಷ್ಟವಿರುವುದು ಸಿಲಿಂಡರ್‌ನಿಂದ ಬಂದು ಬಿಯರನ್ನು ನಲ್ಲಿಗೆ ತಳ್ಳುವ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಡೈಆಕ್ಸೈಡ್ ಸೋರಿಕೆಯನ್ನು ಹಿಡಿಯುವುದರಲ್ಲಿ.

ಸಿಲಿಂಡರ್‌ನ ಒತ್ತಡ ತೋರಿಸುವ ಮೀಟರನ್ನು ನಂಬಿ ಕೂರುವಂತಿಲ್ಲ. ಒಳಗೆ ಅನಿಲವು ದ್ರವರೂಪದಲ್ಲಿರುವುದರಿಂದ, ಆ ದ್ರವ ಮುಗಿಯುವವರೆಗೂ ಮುಳ್ಳು ಕೋಣೆಯ ಉಷ್ಣತೆಯಲ್ಲಿ ಸುಮಾರು 800 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನಲ್ಲೇ ನಿಂತಿರುತ್ತದೆ. ಅದು ಇಳಿಯತೊಡಗುವ ಹೊತ್ತಿಗೆ ಸಿಲಿಂಡರ್ ಬಹುಪಾಲು ಬರಿದಾಗಿರುತ್ತದೆ. ಉಳಿದಿರುವ ಅನಿಲವೆಷ್ಟು ಎಂಬುದನ್ನು ತಿಳಿಯಲು ಸಿಲಿಂಡರನ್ನು ತೂಗಿ, ಅದರ ಕತ್ತಿನ ಬಳಿ ಕೆತ್ತಿರುವ ಖಾಲಿ ತೂಕವನ್ನು ಕಳೆಯುವುದೇ ಸರಿ.

ಕೆಲಸಕ್ಕೆ ಇಳಿಯುವ ಮೊದಲು ಬಾಗಿಲು ಕಿಟಕಿ ತೆರೆಯಬೇಕು. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಾಳಿಗೆಯಂಥ ತಗ್ಗು ಜಾಗದಲ್ಲಿ ಶೇಖರವಾಗುತ್ತದೆ. ತಲೆ ಭಾರವಾದರೆ ಅಥವಾ ಉಸಿರಾಟದ ವೇಗ ಹೆಚ್ಚಿದರೆ ಕೂಡಲೇ ಹೊರಗೆ ಹೋಗಬೇಕು.

ಮೊದಲ ಹಂತದಲ್ಲಿ ಕೆಗ್‌ಗಳನ್ನೆಲ್ಲ ಬಿಡಿಸಿ, ರೆಗ್ಯುಲೇಟರ್‌ನ ಹೊರದಾರಿಯ ವಾಲ್ವ್ ಮುಚ್ಚಿ, ಸಿಲಿಂಡರನ್ನು ಒಮ್ಮೆ ತೆರೆದು ಮತ್ತೆ ಬಂದ್ ಮಾಡಿ, ಮುಳ್ಳು ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಸಿಲಿಂಡರ್ ಬಂದ್ ಆಗಿರುವುದರಿಂದ ಈಗ ಮುಳ್ಳು ತೋರಿಸುವುದು ಅದರಾಚೆ ಸಿಕ್ಕಿಕೊಂಡಿರುವ ಅನಿಲದ ಒತ್ತಡವನ್ನಷ್ಟೇ. ಕೆಲವು ಗಂಟೆಗಳಲ್ಲಿ ಅದು ಇಳಿದರೆ ದೋಷವಿರುವುದು ಸಿಲಿಂಡರ್‌ನ ಜೋಡಣೆಯಲ್ಲಿ ಅಥವಾ ರೆಗ್ಯುಲೇಟರ್‌ನಲ್ಲಿ. ಇಳಿಯದಿದ್ದರೆ ಹೊರದಾರಿಯನ್ನು ತೆರೆದು ಪೈಪುಗಳನ್ನು, ಆಮೇಲೆ ಕೆಗ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಇದೇ ಪರೀಕ್ಷೆ ನಡೆಸಬೇಕು. ಇದನ್ನು ಖಾಲಿ ಕೆಗ್‌ನಲ್ಲಿ ಮಾಡುವುದು ಲೇಸು. ಬಿಯರ್ ತುಂಬಿದ್ದರೆ ಅನಿಲ ಅದರಲ್ಲಿ ಕರಗಿಯೂ ಮುಳ್ಳು ಇಳಿಯುತ್ತದೆ. ಬೆಚ್ಚಗಿದ್ದ ಸಿಲಿಂಡರನ್ನು ಫ್ರಿಜ್ಜಿಗೆ ಸೇರಿಸಿದಾಗಲೂ ಒತ್ತಡ ಕುಸಿಯುತ್ತದೆ, ಅದು ಸೋರಿಕೆಯಲ್ಲ.

ದೋಷವಿರುವ ಭಾಗ ಗೊತ್ತಾದ ಮೇಲೆ, ಅಡುಗೆ ಅನಿಲದ ಸಿಲಿಂಡರ್‌ಗೆ ಮಾಡುವಂತೆಯೇ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ನೋಡಬೇಕು. ಸಣ್ಣ ಸೋರಿಕೆಯಲ್ಲಿ ಗುಳ್ಳೆ ಬಹಳ ನಿಧಾನವಾಗಿ ಏಳುವುದರಿಂದ ಒಂದೆರಡು ನಿಮಿಷ ಕಾಯಬೇಕಾಗುತ್ತದೆ. ಸಿಲಿಂಡರ್ ಮತ್ತು ರೆಗ್ಯುಲೇಟರ್ ಕೂಡುವ ನಟ್ಟಿನಲ್ಲಿ ಅನಿಲವನ್ನು ತಡೆಯುವುದು ಒಳಗಿನ ವಾಷರ್, ನಟ್ಟಿನ ತಿರುಪಿನ ಸುತ್ತುಗಳಲ್ಲ. ಅಲ್ಲಿಗೆ ಟೆಫ್ಲಾನ್ ಟೇಪ್ ಸುತ್ತುವುದು ಬಹಳ ಜನರ ಅಭ್ಯಾಸವಾದರೂ ಅದರಿಂದ ಏನೂ ಪ್ರಯೋಜನವಿಲ್ಲ. ವಾಷರ್ ಬದಲಿಸಿ ಸ್ಪ್ಯಾನರಿನಿಂದ ಬಿಗಿ ಮಾಡಿದರೆ ಸಾಕು. ಪೈಪಿನ ತುದಿಯಲ್ಲಿ ಗುಳ್ಳೆ ಬಂದರೆ ಆ ತುದಿಯನ್ನು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆದುಮಾಡಿ ಮತ್ತೆ ಕೂರಿಸಿ, ಹೊಸ ಕ್ಲಾಂಪ್ ಹಾಕಬೇಕು.

ಮನೆಯಲ್ಲಿ ಬಳಸುವ, ಮುಚ್ಚಳ ತೆಗೆಯಬಹುದಾದ 19 ಲೀಟರಿನ ಕಾರ್ನಿ ಕೆಗ್‌ಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಮುಚ್ಚಳದ ದೊಡ್ಡ ಓ-ರಿಂಗ್ (ರಬ್ಬರ್ ಉಂಗುರ). ಗ್ಯಾಸ್ ಬಂದ್ ಮಾಡಿ, ರಿಲೀಫ್ ವಾಲ್ವ್ ಎಳೆದು ಒತ್ತಡವನ್ನು ಪೂರ್ತಿ ಬಿಟ್ಟ ಬಳಿಕವೇ ಕೆಗ್‌ನ ಯಾವ ಭಾಗವನ್ನಾದರೂ ಬಿಚ್ಚಬೇಕು. ಈ ಎಚ್ಚರ ತಪ್ಪಿದರೆ ಬಿಡಿಭಾಗ ಮುಖಕ್ಕೆ ಸಿಡಿಯಬಹುದು. ಹೊಸ ಓ-ರಿಂಗಿಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ, ಮುಚ್ಚಳವನ್ನು ಮೇಲಕ್ಕೆ ಎಳೆದು ಹಿಡಿದು 30 ಪಿಎಸ್‌ಐ ಒತ್ತಡ ಕೊಟ್ಟರೆ ಅದು ಗಟ್ಟಿಯಾಗಿ ಕೂರುತ್ತದೆ; ಆಮೇಲೆ ಬಿಯರ್ ಸುರಿಯುವ ಮಾಮೂಲಿ 10ರಿಂದ 12 ಪಿಎಸ್‌ಐಗೆ ಇಳಿಸಬೇಕು. ಗ್ಲಾಸಿನಲ್ಲಿ ಬರೀ ನೊರೆ ಬರುತ್ತಿದ್ದು, ಕೆಗ್‌ನಿಂದ ಹೊರಟ ಪೈಪಿನೊಳಗೆ ಸಣ್ಣ ಗುಳ್ಳೆಗಳ ಸಾಲು ಕಂಡರೆ ಕೆಗ್‌ನೊಳಗಿನ ಬಿಯರ್ ಕೊಳವೆಯ ಕತ್ತಿನಲ್ಲಿರುವ ಪುಟ್ಟ ಓ-ರಿಂಗ್ ಹರಿದಿರುವ ಸಂಭವವಿದೆ. ಆ ರಿಂಗಿನ ಬೆಲೆ ಚಿಲ್ಲರೆ ಕಾಸು, ಅದಕ್ಕಾಗಿ ರೆಗ್ಯುಲೇಟರನ್ನೇ ಬದಲಿಸುವವರಿದ್ದಾರೆ.

ನಲ್ಲಿ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಒಣಗಿದ ಬಿಯರಿನ ಸಕ್ಕರೆಯೇ ಕಾರಣ. ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿದ ಮೇಲೂ ಹನಿ ನಿಲ್ಲದಿದ್ದರೆ ಮಾತ್ರ ಒಳಗಿನ ವಾಷರ್ ಬದಲಿಸಿ.