ಸೇವ್ ಮಾಡುವಾಗ ಕಣ್ಣು ಮುಚ್ಚುತ್ತೇನೆ

ಮೂರು ವರ್ಷದ ಹಿಂದೆ, ಲಗ್ನದ ಸೀಜನ್ನಿನಲ್ಲಿ, ಒಂದು ಮದುವೆ ಪತ್ರಿಕೆಯ ನೆತ್ತಿಯ ಮೇಲಿನ 'ಶ್ರೀ ಸಿದ್ಧಾರೂಢ ಪ್ರಸನ್ನ' ನನ್ನ ಕೈಯಲ್ಲಿ 'ಸಿದ್ದಾರೂಡ' ಆಗಿ ಹೋಯಿತು. ಮಹಾಪ್ರಾಣದ ಎರಡು ಸೀಳು ತಪ್ಪಿದ್ದವು. ಒಂದು ದಕಾರದ ಕೆಳಗಿನ ಒತ್ತಿನಲ್ಲಿ, ಇನ್ನೊಂದು ಡಕಾರದಲ್ಲಿ. ಪ್ರೂಫ್ ನಾನೇ ಎರಡು ಸಲ ನೋಡಿದ್ದೆ, ಎರಡೂ ಸಲ ಸರಿಯಾಗಿಯೇ ಕಂಡಿತ್ತು. 600 ಕಾರ್ಡು ಹೊಡೆದು ಕಟ್ಟು ಕಟ್ಟಿ ಕೊಟ್ಟ ಮೇಲೆ ಹುಡುಗಿಯ ಅಜ್ಜ ಚಾಳೀಸು ಮೂಗಿನ ತುದಿಗೆ ಇಳಿಸಿಕೊಂಡು ಓದಿ, "ಸಿದ್ಧಾರೂಢಜ್ಜನ ಹೆಸರಿಗೇ ಕತ್ರಿ ಹಾಕೀರಲ್ರೀ" ಅಂದರು. ಕಾಗದ, ಲಕೋಟೆ, ಮಷಿನ್ ಕೂಲಿ ಎಲ್ಲ ಸೇರಿ 4,500ರ ಆಸುಪಾಸು ಕೈಬಿಟ್ಟಿತು. ದುಡ್ಡಿಗಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಗದಗಿನ ಪ್ರೆಸ್ಸಿನವರ ನಡುವೆ ನನ್ನ ಪ್ರೂಫಿಗೆ ಒಂದು ಹೆಸರಿತ್ತು.

1999ರಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೇನೆ. ಪೇಜ್‌ಮೇಕರ್, ಶ್ರೀಲಿಪಿ ಸಾಫ್ಟ್‌ವೇರ್, ದಪ್ಪ ಗಾಜಿನ ಮಾನಿಟರ್ ಕಾಲದಿಂದ. ಆಗ ಅಷ್ಟು ಕೆಟ್ಟ ಪರದೆಯ ಮುಂದೆಯೂ ಕಣ್ಣು ತಡೆದಿತ್ತು. ತೊಂದರೆ ಶುರುವಾಗಿದ್ದು ನಲವತ್ತೈದು ದಾಟಿದ ಮೇಲೆ. ಮಧ್ಯಾಹ್ನ ನಾಲ್ಕಾಯಿತೆಂದರೆ ಎರಡೂ ಕಣ್ಣಿಂದ ದಳದಳ ನೀರು. ಅಕ್ಷರ ಮಂಜಾಗುವುದು, ರೆಪ್ಪೆ ಬಡಿದರೆ ತಿಳಿಯಾಗುವುದು, ಮತ್ತೆ ಮಂಜು. ಥ ಯಾವುದು ಧ ಯಾವುದು ಅಂತ 200 ಪರ್ಸೆಂಟಿಗೆ ಹಿಗ್ಗಿಸಿ ನೋಡಬೇಕು. ನಮ್ಮ ಲಿಪಿಯ ಪಾಡು ನಿಮಗೆ ಗೊತ್ತೇ ಇದೆ. ಇಂಗ್ಲಿಷಿನವರಿಗೆ ಹತ್ತು ಪಾಯಿಂಟ್ ಸಾಕು, ನಮಗೆ ಒತ್ತಕ್ಷರದ ಹೊಟ್ಟೆಯೊಳಗಿನ ಗೀಟೂ ಕಾಣಬೇಕು.

ಮೊದಲು ಕನ್ನಡಕದ ಮೇಲೆ ಅನುಮಾನಪಟ್ಟೆ. ಗೆರೆ ಕಾಣದ ಪ್ರೋಗ್ರೆಸಿವ್ ಗಾಜು ಹಾಕಿಸಿದೆ, 9,500. ದಾರಿಯಲ್ಲಿ ನಡೆಯಲು, ಮೊಬೈಲ್ ನೋಡಲು ಬಹಳ ಚೆನ್ನ. ಪರದೆಗೆ ಮಾತ್ರ ಅದರ ನಡುವಿನ ಸಣ್ಣ ಪಟ್ಟಿಯಲ್ಲೇ ನೋಡಬೇಕು, ಹಾಗಾಗಿ ಗದ್ದ ಮೇಲೆತ್ತಿ ಕೂತು ಕೂತು ಕುತ್ತಿಗೆ ಹಿಡಿಯಿತು. ಅದರ ಮೇಲೆ ನೀಲಿ ಬೆಳಕು ತಡೆಯುವ ಲೇಪ ಅಂತ ಇನ್ನೊಂದು 1,500 ಸುರಿದೆ. ಬಿಳಿ ಪುಟ ಹಳದಿಯಾಗಿ ಕಂಡು ಕಲರ್ ಜಾಬಿನಲ್ಲಿ ಗಿರಾಕಿಯೊಡನೆ ಜಗಳವಾಯಿತೇ ಹೊರತು ಕಣ್ಣಿಗೆ ಏನೂ ಆಗಲಿಲ್ಲ. ಆ ಲೇಪದಿಂದ ಕಣ್ಣಿನ ಆಯಾಸ ಇಳಿಯುವುದು ಅನುಮಾನ ಅಂತ 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗ ಒಟ್ಟು ಹಾಕಿ ನೋಡಿ ಹೇಳಿದರು. ನನ್ನ ದುಡ್ಡು ಅದಕ್ಕೂ ಮೊದಲೇ ಹೋಗಿತ್ತು.

ಆಮೇಲೆ ಮಾಡಿದ್ದು ನಿಜವಾದ ತಪ್ಪು. ಒಂದು ಮೆಡಿಕಲ್ ಶಾಪಿನಲ್ಲಿ ಕಣ್ಣು ಕೆಂಪು ಅಂದೆ, ಒಂದು ಹನಿ ಔಷಧ ಕೊಟ್ಟರು. ಹಾಕಿದ ಅರ್ಧ ದಿನಕ್ಕೆ ಕಣ್ಣು ಬಿಳಿ, ತಂಪು, ಸ್ವರ್ಗ. ನಾಲ್ಕೈದು ತಿಂಗಳು ಅದನ್ನೇ ತಂದು ತಂದು ಹಾಕಿದೆ. ಕಡೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಕಣ್ಣಿನ ಡಾಕ್ಟರ ಮುಂದೆ ಆ ಬಾಟಲಿ ಇಟ್ಟಾಗ ಅವರು ಅದನ್ನು ತಿರುಗಿಸಿ ಓದಿ, ಏನೂ ಮಾತಾಡದೆ ಕಣ್ಣಿನ ಒತ್ತಡ ಅಳೆದರು. 21ರ ಒಳಗಿರಬೇಕಾದದ್ದು 26 ಇತ್ತು. ಅದು ಸ್ಟಿರಾಯ್ಡ್ ಹನಿ. ಇನ್ನೂ ಒಂದೆರಡು ವರ್ಷ ಹೀಗೇ ನಡೆದಿದ್ದರೆ ಕಣ್ಣಿನ ನರಕ್ಕೇ ಪೆಟ್ಟು, ಪೊರೆಯೂ ಬೇಗ ಬರುತ್ತಿತ್ತು ಅಂದರು. ಬಿಟ್ಟ ಎರಡು ತಿಂಗಳಿಗೆ 17ಕ್ಕೋ 18ಕ್ಕೋ ಇಳಿಯಿತು. ಬಾಟಲಿ ಬೆಲೆ ಬರೀ 40 ರೂಪಾಯಿ. ಅಗ್ಗ ಅಂತಲೇ ನಾನು ಅದನ್ನು ಔಷಧ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅದೇ ದಿನ ಅವರು ಹಳದಿ ಬಣ್ಣದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ, ನೀಲಿ ದೀಪ ಹಿಡಿದು, ರೆಪ್ಪೆ ಬಡಿಯಬೇಡಿ ಅಂತ ಎಣಿಸತೊಡಗಿದರು. ನಾಲ್ಕಕ್ಕೇ ನಿಲ್ಲಿಸಿದರು. ಕಣ್ಣೀರಿನ ಪೊರೆ ನಾಲ್ಕು ಸೆಕೆಂಡಿಗೆ ಹರಿದು ಹೋಗುತ್ತಿದೆ, ಹತ್ತಾದರೂ ತಾಳಬೇಕು. "ಒಣಗ್ಯಾವ" ಅಂದರು. ನೀರು ಸುರಿಯುವ ಕಣ್ಣಿಗೆ ಒಣಗಿದೆ ಅಂದರೆ ಯಾರು ನಂಬುತ್ತಾರೆ? ರೆಪ್ಪೆಯಂಚಿನ ಗ್ರಂಥಿಗಳಲ್ಲಿ ಎಣ್ಣೆ ಗಟ್ಟಿಯಾಗಿದೆ, ಎಣ್ಣೆ ಇಲ್ಲದೆ ನೀರು ಬೇಗ ಆರುತ್ತದೆ, ಆರಿದ ಕಣ್ಣು ಗಾಬರಿಬಿದ್ದು ಮತ್ತಷ್ಟು ನೀರು ಸುರಿಸುತ್ತದೆ, ಆ ನೀರೂ ನಿಲ್ಲುವುದಿಲ್ಲ. ಇಷ್ಟು ಹೇಳಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅನ್ನುವ ಕೃತಕ ಕಣ್ಣೀರಿನ ಹನಿ ಬರೆದುಕೊಟ್ಟು, ಬಿಸಿ ಶಾಖ ಕೊಡಿ, ರೆಪ್ಪೆ ಬಡಿಯಿರಿ ಅಂದರು. ರೆಪ್ಪೆ ಬಡಿಯಲು ನೆನಪಿಡುವುದು ಹೇಗೆ ಅಂತ ಮಾತ್ರ ಹೇಳಲಿಲ್ಲ. ಅದು ನಾನು ಕಂಡುಕೊಂಡದ್ದು.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರ ಇಪ್ಪತ್ತು ಸೆಕೆಂಡು ನೋಡುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮೊಬೈಲಿನಲ್ಲಿ ಗಂಟೆ ಇಟ್ಟೆ. ಮೂರನೇ ದಿನಕ್ಕೆ ಗಂಟೆ ಬಡಿದರೆ ಕೈ ತಾನೇ ಹೋಗಿ ಆರಿಸುತ್ತಿತ್ತು, ಕಣ್ಣು ಪುಟದ ಮೇಲೇ ಇರುತ್ತಿತ್ತು. ಆಗ ಹೊಳೆದದ್ದು ಕಂಟ್ರೋಲ್-ಎಸ್. ಕರೆಂಟು ಯಾವಾಗ ಹೋಗುತ್ತದೋ ಅನ್ನುವ ಭಯಕ್ಕೆ ಎರಡು ಸಾಲಿಗೊಮ್ಮೆ ಸೇವ್ ಒತ್ತುವುದು ನಮ್ಮ ಊರಿನ ಪ್ರತಿ ಆಪರೇಟರನ ರಕ್ತದಲ್ಲಿದೆ. ಆ ಬೆರಳಿಗೇ ರೆಪ್ಪೆಯನ್ನು ಕಟ್ಟಿದೆ. ಎಸ್ ಒತ್ತಿದಾಗ ಕಣ್ಣು ಪೂರ್ತಿ ಮುಚ್ಚಬೇಕು, ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟಿದ್ದು ಗೊತ್ತಾಗಬೇಕು, ಮೆಲ್ಲಗೆ ಹಿಂಡಿ ಬಿಡಬೇಕು. ಎರಡು ಸಲ. ಪರದೆ ನೋಡುವಾಗ ನಾವು ಬಡಿಯುವುದು ಮೊದಲೇ ಕಡಿಮೆ, ಬಡಿದರೂ ಅರ್ಧಕ್ಕೇ ವಾಪಸು. ಹೆಂಡತಿ ಒಂದು ಸಂಜೆ ಪಕ್ಕದಲ್ಲಿ ಕೂತು ಎಣಿಸಿದಳು, ನಿಮಿಷಕ್ಕೆ ಐದೋ ಆರೋ. ಅವಳ ಜತೆ ಮಾತಾಡುವಾಗ ಹದಿನೈದರ ಮೇಲೆ. ದೂರ ನೋಡುವ ಕೆಲಸವನ್ನು ಪಿಡಿಎಫ್‌ಗೆ ಗಂಟುಹಾಕಿದೆ. ಎಕ್ಸ್‌ಪೋರ್ಟ್ ಪಟ್ಟಿ ಓಡುವಷ್ಟು ಹೊತ್ತು ಬಾಗಿಲಲ್ಲಿ ನಿಂತು ಎದುರಿನ ನೀರಿನ ಟ್ಯಾಂಕಿನ ಮೇಲೆ ಬರೆದದ್ದನ್ನು ಓದುವುದು. ಮೊದಲ ವಾರ ಹುಡುಗರು "ಸರ್ ಪ್ರತಿ ಪುಟಕ್ಕ ಧ್ಯಾನ ಮಾಡ್ತಾರ" ಅಂತ ನಕ್ಕರು. ಸೀಸದ ಮೊಳೆ ಜೋಡಿಸಿದ ಕಾಲದ ಹಿರಿಯರೊಬ್ಬರಂತೂ "ನಾವು ಉಲ್ಟಾ ಅಕ್ಷರ ಓದಿ ಬದುಕಿದವರು, ನಿಮಗ ಸುಲ್ಟಾ ಓದಾಕ ಇಷ್ಟ ನಾಟಕ ಬೇಕೇನು" ಅಂದರು.

ಇನ್ನೊಂದಕ್ಕೂ ನಕ್ಕರು. ಎಲ್ಲರೂ ಮಾನಿಟರ್ ಎತ್ತರಿಸುತ್ತಾರೆ, ನಾನು ಇಳಿಸಿದೆ. ಅದರ ಕೆಳಗೆ ಎರಡು ರಿಮ್ ಕಾಗದ ಇಟ್ಟಿದ್ದೆ, ತೆಗೆದೆ. ನೋಟ ಕೆಳಕ್ಕೆ ಇಳಿದರೆ ರೆಪ್ಪೆಯೂ ಇಳಿಯುತ್ತದೆ, ಗಾಳಿಗೆ ತೆರೆದ ಕಣ್ಣಿನ ಜಾಗ ಕಿರಿದಾಗುತ್ತದೆ. ನೆತ್ತಿಯ ಮೇಲಿನ ಫ್ಯಾನನ್ನು ಎಲೆಕ್ಟ್ರಿಷಿಯನ್‌ಗೆ 300 ಕೊಟ್ಟು ಮೂರಡಿ ಹಿಂದಕ್ಕೆ ಹಾಕಿಸಿದೆ. ಕೂಲರ್ ಮುಖಕ್ಕೆ ಊದುತ್ತಿತ್ತು, ಅದನ್ನು ಕಾಲಿಗೆ ತಿರುಗಿಸಿದೆ. ಕಪ್ಪತಗುಡ್ಡದ ಗಾಳಿ ನಮ್ಮ ಕೈಯಲ್ಲಿಲ್ಲ, ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸುವುದು ಕೈಯಲ್ಲಿದೆ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ಎರಡೂ ಒಂದೇ ಬೆಳಕಿಗೆ ಬರುವ ತನಕ ಬ್ರೈಟ್‌ನೆಸ್ ತಗ್ಗಿಸಿದೆ. ಪುಟದ ಹಿಂದಿನ ಬಣ್ಣಕ್ಕೆ ನನ್ನದೊಂದು ಲೆಕ್ಕವಿದೆ, ಅದನ್ನು ಬರೆಯುವುದಿಲ್ಲ. ಎದುರುಗಡೆ ಅಂಗಡಿಯವರೂ ಇದನ್ನು ಓದುತ್ತಾರೆ.

ಕನ್ನಡಕದ ವಿಷಯ ದಾರದಿಂದ ಬಗೆಹರಿಯಿತು. ನಾನು ಆರಾಮಾಗಿ ಕೂತಾಗ ಮೂಗಿನ ಬುಡದಿಂದ ಪರದೆಗೆ ಎಷ್ಟಾಗುತ್ತದೆ ಅಂತ ದಾರ ಹಿಡಿದು ಗಂಟು ಹಾಕಿದೆ, 26 ಇಂಚು. ಕೈಯಲ್ಲಿ ಪ್ರೂಫ್ ಹಿಡಿದಾಗ 16ಕ್ಕೆ ಇನ್ನೊಂದು ಗಂಟು. ದಾರ ಜೇಬಿನಲ್ಲಿಟ್ಟುಕೊಂಡು ಕನ್ನಡಕದಂಗಡಿಗೆ ಹೋಗಿ, ದೊಡ್ಡ ಗಂಟಿನ ದೂರಕ್ಕೆ ಅಕ್ಷರ ಹಿಡಿದು ಪವರ್ ನೋಡಿ ಅಂದೆ. ಆತ ನನ್ನನ್ನು ಹುಚ್ಚನಂತೆ ನೋಡಿದ, ಆದರೆ ನೋಡಿದ. ಓದುವ ಪವರಿಗಿಂತ 0.75 ಕಡಿಮೆ ಬಂತು. ಹಳೆಯ ಫ್ರೇಮಿಗೇ ಸಾದಾ ಗಾಜು, 800 ರೂಪಾಯಿ. 9,500ರದ್ದು ಈಗ ಮದುವೆ ಮುಂಜಿಗೆ.

ಬಿಸಿ ಶಾಖದ್ದು ದೊಡ್ಡ ಪುರಾಣ. ಬಿಸಿನೀರಿನ ಟವೆಲ್ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ, ಎಣ್ಣೆ ಕರಗಲು ಐದಾರು ನಿಮಿಷವಾದರೂ ಬಿಸಿ ನಿಲ್ಲಬೇಕು. ಅಕ್ಕಿಯ ಗಂಟು ಮಾಡಿದೆ, ಬೇಗ ಆರಿತು. ಉಪ್ಪು ಸುಟ್ಟಿತು. ರಾಗಿ ಬಟ್ಟೆಯ ನೇಯ್ಗೆಯಿಂದ ಸೋರಿ ಹಾಸಿಗೆ ತುಂಬ. ಜೋಳ ನಿಂತಿತು, ಎಂಟು ನಿಮಿಷದ ತನಕ. ಒಂದು ಸಲ ತವೆಯ ಮೇಲೆ ಇಟ್ಟು ಮರೆತೆ, ಗಂಟಿನೊಳಗೇ ಜೋಳ ಪಟಪಟ ಅರಳಾಗಿ ಬಟ್ಟೆ ಕರಿಕಾಯಿತು. ಈಗ ಒಲೆ ಆರಿಸಿದ ಮೇಲೆ ತವೆಗೆ ಇಡುತ್ತೇನೆ, ಮಣಿಕಟ್ಟಿನ ಒಳಮೈಗೆ ಹಚ್ಚಿ ನೋಡಿ ಕಣ್ಣಿಗೆ. ಆಮೇಲೆ ತೊಳೆದ ಬೆರಳಿಂದ ಮೇಲಿನ ರೆಪ್ಪೆ ಕೆಳಕ್ಕೆ, ಕೆಳಗಿನದು ಮೇಲಕ್ಕೆ, ಹಗುರವಾಗಿ ನೀವುವುದು. ಜೋಳದ ಜತೆ ಇನ್ನೊಂದು ಕಾಳು ಬೆರೆಸುತ್ತೇನೆ. ಅದು ನನ್ನ ಹೆಂಡತಿಯ ಗುಟ್ಟು, ನನಗೆ ಹೇಳುವ ಹಕ್ಕಿಲ್ಲ.

ನಡುವೆ ಅವ್ವನ ಮಾತಿಗೆ ನಂದಿಬಟ್ಟಲು ಹೂವನ್ನೂ ಕಣ್ಣ ಮೇಲೆ ಇಟ್ಟುಕೊಂಡೆ. ಮುಚ್ಚಿದ ಕಣ್ಣಿಗೆ ತಂಪಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಆಗತಾನೇ ಕಿತ್ತ ತೊಟ್ಟಿನ ಹಾಲು ಕಣ್ಣಿಗೆ ಇಳಿದು ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತೆ. ಪನ್ನೀರು, ಜೇನು ಇತ್ಯಾದಿಯನ್ನು ಕಣ್ಣೊಳಗೆ ಬಿಡುವ ಧೈರ್ಯ ಅಲ್ಲಿಗೇ ಮುಗಿಯಿತು.

ಎರಡು ತಿಂಗಳು ಏನೂ ಕಾಣಲಿಲ್ಲ, ಬಿಡಬೇಕು ಅನ್ನಿಸಿತ್ತು. ಮೂರನೇ ತಿಂಗಳಲ್ಲಿ ಒಂದು ದಿನ ಆರು ಗಂಟೆಯಾದರೂ ಕರವಸ್ತ್ರ ಜೇಬಿನಲ್ಲೇ ಒಣಗಿತ್ತು. ಹುಬ್ಬಳ್ಳಿಯಲ್ಲಿ ಮತ್ತೆ ಹಳದಿ ಪಟ್ಟಿ ಮುಟ್ಟಿಸಿ ಎಣಿಸಿದಾಗ ಎಂಟೋ ಒಂಬತ್ತೋ ಬಂತು. ಹನಿ ಔಷಧ ತಿಂಗಳಿಗೆ ಎರಡು ಬಾಟಲಿ, 350ರ ಸುಮಾರು, ಹೋಗುತ್ತಿತ್ತು. ಈಗ ಒಂದೇ ಬಾಟಲಿ, ಅದೂ ಖಾಲಿಯಾಗುವುದಿಲ್ಲ, ಆದರೂ ಒಡೆದು ತಿಂಗಳಾಯಿತೆಂದರೆ ಎಸೆಯುತ್ತೇನೆ. ಹೋದ ಸೀಜನ್ನಿನಲ್ಲಿ ಇನ್ನೂರರ ಮೇಲೆ ಪತ್ರಿಕೆ ಮಾಡಿದೆ, ಒಂದೂ ಸೀಳು ತಪ್ಪಲಿಲ್ಲ. ನಕ್ಕ ಹುಡುಗರಲ್ಲಿ ಇಬ್ಬರು ಈಗ ಎಸ್ ಒತ್ತುವಾಗ ಕಣ್ಣು ಮುಚ್ಚುತ್ತಾರೆ. ಮೊಳೆಯ ಕಾಲದ ಹಿರಿಯರು ಮಾತ್ರ ಒಪ್ಪಿಲ್ಲ, ಆದರೆ ಮೊನ್ನೆ ಬಂದು ನನ್ನ ದಾರ ಒಂದು ದಿನದ ಮಟ್ಟಿಗೆ ಕೇಳಿ ಒಯ್ದಿದ್ದಾರೆ. ಇನ್ನೂ ವಾಪಸು ಬಂದಿಲ್ಲ. ಇತ್ತ ಮನೆಯಲ್ಲಿ ಗಂಟಿನ ಜೋಳಕ್ಕೆ ನುಸಿ ಹಿಡಿದಿದೆ, ಈ ವಾರ ಬದಲಿಸಬೇಕು.