ಷಡ್ಜದಿಂದ ಪಂಚಮಕ್ಕೆ: ಹಳೆಯ ರೇಸ್ ಕಾರೊಂದರ ಸದ್ದನ್ನು ಮುದ್ರಿಸಿದ ನನ್ನ ಅನುಭವ

ಇಂಗ್ಲೆಂಡಿನ ಗುಡ್‌ವುಡ್ ರೇಸ್ ಪಥಕ್ಕೆ ಧ್ವನಿಮುದ್ರಣಕ್ಕೆಂದು ಮೊದಲ ಸಲ ಹೋದಾಗ, ಸದ್ದು ಎಲ್ಲಿ ಅತಿ ಜೋರಾಗಿದೆಯೋ ಅಲ್ಲೇ ಮೈಕ್ ನಿಲ್ಲಿಸಿ ತಪ್ಪು ಮಾಡಿದೆ. 1948ರಿಂದ 1966ರವರೆಗೆ ರೇಸ್ ನಡೆದು, 1998ರಲ್ಲಿ ಮತ್ತೆ ತೆರೆದ ಆ ಪಥದಲ್ಲಿ ಈಗ ಸೆಪ್ಟೆಂಬರ್ ಹೊತ್ತಿಗೆ ಆ ಕಾಲದ ಕಾರುಗಳೇ ಓಡುತ್ತವೆ. ಬಿ.ಆರ್.ಎಂ. ಎಂಬ ಬ್ರಿಟಿಷ್ ತಂಡದ ರೇಸ್ ಕಾರಿನ ವಿ16 ಎಂಜಿನ್ ಚಾಲೂ ಆದಾಗ ನನ್ನ ಮೈಕ್ ಅದರ ಎಕ್ಸಾಸ್ಟ್ ಕೊಳವೆಗಳಿಂದ ಎರಡೇ ಮಾರು ದೂರದಲ್ಲಿತ್ತು. ಮನೆಗೆ ಬಂದು ಕೇಳಿದರೆ ಬರೀ ಒಡಕು ದನಿ.

ಈ ಎಂಜಿನ್ನಿನ ಸದ್ದು ಹೀಗೇಕೆ ಎಂಬುದನ್ನು ತಿಳಿಯದೆ ಅದನ್ನು ಹಿಡಿಯಲಾಗದು ಎಂದು ಆಗ ಅರಿವಾಯಿತು. ಒಂದೂವರೆ ಲೀಟರ್ ಸಾಮರ್ಥ್ಯವನ್ನು 16 ಸಿಲಿಂಡರ್‌ಗಳಿಗೆ ಹಂಚಿರುವುದರಿಂದ, ಒಂದೊಂದು ಸಿಲಿಂಡರ್ ನಮ್ಮೂರ ಸ್ಕೂಟರಿನದಕ್ಕಿಂತ ಚಿಕ್ಕದು. ಎಂಜಿನ್ ನಿಮಿಷಕ್ಕೆ 12,000 ಸುತ್ತು ತಿರುಗುವಾಗ, ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಹೊತ್ತಿಕೊಳ್ಳುವುದರಿಂದ, ಸೆಕೆಂಡಿಗೆ 1,600 ಸ್ಫೋಟಗಳಾಗುತ್ತವೆ. 1967ರಲ್ಲಿ ಬಂದ ಕಾಸ್ವರ್ತ್ ಡಿ.ಎಫ್.ವಿ. ಎಂಬ ರೇಸ್ ಎಂಜಿನ್ ಎಂಟು ಸಿಲಿಂಡರಿನದು, 9,000 ಸುತ್ತಿನಲ್ಲಿ ಅದರ ಸ್ಫೋಟಗಳು 600 ಮಾತ್ರ, ಹಾಗಾಗಿ ಅದರದು ಗಡಸು ಕಂಠ. ವಿ16 ಮಾತ್ರ ಚೀರುತ್ತದೆ, ಆ ಚೀರಿಗೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ರೋಲ್ಸ್ ರಾಯ್ಸ್ ಸೂಪರ್‌ಚಾರ್ಜರಿನ ಸಿಳ್ಳೆಯೂ ಸೇರುತ್ತದೆ. 1950ರಲ್ಲಿ ಸಿಲ್ವರ್‌ಸ್ಟೋನ್‌ನ ತನ್ನ ಮೊದಲ ರೇಸಿನಲ್ಲಿ ಆರಂಭದ ಗೆರೆಯಲ್ಲೇ ನಿಂತುಹೋದ ಕಾರಿದು. ಅದನ್ನು ಜನ ಇಂದಿಗೂ ಹುಡುಕಿಕೊಂಡು ಬರುವುದು ಈ ಕಂಠಕ್ಕಾಗಿಯೇ ಎಂಬುದು ನನ್ನ ದೃಢ ನಂಬಿಕೆ.

ಮುಂದಿನ ಸಲ ಲ್ಯಾವಂಟ್ ನೇರದಾರಿಯ ಬದಿಗೆ ಹೋದೆ. ಜೋರು ಸದ್ದನ್ನು ತಾಳಿಕೊಳ್ಳುವ ಡೈನಮಿಕ್ ಮೈಕ್ ಒಂದನ್ನು ಬೇಲಿಯ ಪಕ್ಕ ಇಟ್ಟು, ತುಪ್ಪಳದ ಹೊದಿಕೆ ತೊಡಿಸಿದ ಸ್ಟೀರಿಯೊ ಮೈಕ್‌ಗಳನ್ನು ಸುಮಾರು 25 ಮೀಟರ್ ಹಿಂದಕ್ಕೆ ನಿಲ್ಲಿಸಿ, ಮುದ್ರಣದ ಮಟ್ಟವನ್ನು ಅಳುಕುವಷ್ಟು ಕೆಳಗಿಳಿಸಿದೆ. ಬಾಲ್ಯದಲ್ಲಿ ಪಿಟೀಲು ಕಲಿತ ಕಿವಿಗೆ ಅಲ್ಲಿ ಸಿಕ್ಕಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮತ್ತ ಬರುವ ಕಾರಿನ ಸ್ವರ ಏರಿ ಕೇಳಿಸುತ್ತದೆ, ದಾಟಿ ದೂರ ಹೋಗುವಾಗ ಇಳಿದು ಕೇಳಿಸುತ್ತದೆ. ಕಾರು ಶಬ್ದವೇಗದ ಏಳನೆಯ ಒಂದು ಪಾಲಿನಲ್ಲಿ, ಅಂದರೆ ಗಂಟೆಗೆ ಸುಮಾರು 176 ಕಿ.ಮೀ. ವೇಗದಲ್ಲಿ ಹಾದುಹೋದರೆ, ಬರುವಾಗಿನ ಮತ್ತು ಹೋಗುವಾಗಿನ ಸ್ವರಗಳ ಅನುಪಾತ 4:3 ಆಗುತ್ತದೆ. ಅದು ತಾರಷಡ್ಜದಿಂದ, ಅಂದರೆ ಮೇಲಿನ ‘ಸ’ದಿಂದ, ಪಂಚಮಕ್ಕೆ ಇಳಿಯುವಷ್ಟೇ ಅಂತರ. ಬೇಲಿಯ ಮೈಕಿನಲ್ಲಿ ಆ ಇಳಿತ ಥಟ್ಟನೆ ಮುಗಿದರೆ, ಹಿಂದಿನ ಮೈಕ್‌ಗಳಲ್ಲಿ ಅದು ಜಾರುಗಮಕದಂತೆ ನಿಧಾನವಾಗಿ ಇಳಿಯುತ್ತಿತ್ತು. ಕೊನೆಗೆ ಹಿಂದಿನ ಮೈಕ್‌ಗಳ ಧ್ವನಿಯನ್ನೇ ಮುಖ್ಯವಾಗಿಟ್ಟುಕೊಂಡು, ಬೇಲಿಯ ಮೈಕಿನದನ್ನು ಕಾರು ಎದುರಿಗಿರುವ ಕ್ಷಣಕ್ಕಷ್ಟೇ ಬೆರೆಸಿದೆ.

ಕಾರು ಬರುವುದಕ್ಕೆ ಮುಂಚಿನ ಇಪ್ಪತ್ತು ಸೆಕೆಂಡುಗಳನ್ನು ನಾನು ಕತ್ತರಿಸಿಲ್ಲ. ಪಥದ ಆಚೆ ಬದಿಯಲ್ಲೆಲ್ಲೋ ಅದು ಗೇರ್ ಬದಲಿಸುವುದು ಅಲ್ಲಿ ಕೇಳಿಸುತ್ತದೆ, ಮತ್ತು ಬೇಲಿಗೆ ಒರಗಿದ್ದ ಜನರ ಮಾತು ಒಂದೊಂದಾಗಿ ನಿಲ್ಲುತ್ತದೆ.