ಸೊಲ್ಲಾಪುರದ ಟವೆಲ್ಲಿಗೆ ಸತುವಿನ ನ್ಯಾನೊ ಲೇಪ: ನನ್ನ ಅನುಭವ

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಮೈತುಂಬ ನೂಲಿನ ಕುಣಿಕೆಗಳಿರುವ ಟೆರಿ ಟವೆಲ್ಲುಗಳ ಬ್ಲೀಚಿಂಗ್ ಮತ್ತು ಫಿನಿಶಿಂಗ್ ನೋಡಿಕೊಳ್ಳುವ ಕೆಲಸ ನನ್ನದು. ಒದ್ದೆ ಟವೆಲ್ ಬೇಗ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ ಎಂಬ ದೂರು ಆಸ್ಪತ್ರೆ ಮತ್ತು ವಸತಿಗೃಹಗಳಿಗೆ ಮಾಲು ಕಳಿಸುವ ವ್ಯಾಪಾರಿಗಳಿಂದ ಬರುತ್ತಲೇ ಇತ್ತು. ಆದ್ದರಿಂದ ಹತ್ತಿಯ ಎಳೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ, ಕಣ್ಣಿಗೆ ಕಾಣದಷ್ಟು ಸಣ್ಣದಾದ ನ್ಯಾನೊ ಕಣಗಳನ್ನು ಕೂರಿಸುವ ಪ್ರಯೋಗಕ್ಕೆ ಕೈಹಾಕಿದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಇದರಲ್ಲಿ ಸುಲಭದ ಭಾಗ. ಲೇಪವಾದ ಮೇಲೂ ಟವೆಲ್ ನೀರು ಹೀರಬೇಕು, ಬೆಳ್ಳಗಿರಬೇಕು, ಹತ್ತಾರು ಸಲ ಒಗೆದ ಮೇಲೂ ಆ ಗುಣ ಉಳಿದಿರಬೇಕು ಎಂಬುದೇ ಕಷ್ಟದ ಭಾಗ.

ಮೊದಲು ಪರೀಕ್ಷಿಸಿದ್ದು ಬೆಳ್ಳಿಯನ್ನು. ಸಿಲ್ವರ್ ನೈಟ್ರೇಟಿನ ತೆಳು ದ್ರಾವಣವನ್ನು ಕುದಿಸಿ ಟ್ರೈಸೋಡಿಯಂ ಸಿಟ್ರೇಟ್ ಸೇರಿಸಿದರೆ ಕಣಗಳು ಹುಟ್ಟುತ್ತವೆ. ನೀರು ಹಳದಿಗೆ ತಿರುಗುವುದೇ ಅದರ ಗುರುತು. 400ರಿಂದ 420 ನ್ಯಾನೊಮೀಟರ್ ಸುಮಾರಿನ ಬೆಳಕನ್ನು ಹೀರುವ ಈ ಕಣಗಳು ಅದೇ ಹಳದಿಯನ್ನು ಬಟ್ಟೆಗೂ ಕೊಡುತ್ತವೆ, ಬಿಳಿ ಟವೆಲ್ಲಿಗೆ ಇದು ಒಗ್ಗುವುದಿಲ್ಲ. ನಮ್ಮ ಬೋರ್ ನೀರಿನಲ್ಲಿ ಕ್ಲೋರೈಡ್ ಇರುವುದರಿಂದ ಸಿಲ್ವರ್ ನೈಟ್ರೇಟ್ ಹಾಕಿದ ತಕ್ಷಣ ಹಾಲಿನಂತೆ ಬೆಳ್ಳಗಾಗಿ ಸಿಲ್ವರ್ ಕ್ಲೋರೈಡ್ ತಳ ಸೇರುತ್ತದೆ, ಹೀಗಾಗಿ ಡಿಸ್ಟಿಲ್ಡ್ ವಾಟರ್ ಇಲ್ಲದೆ ಈ ಕೆಲಸ ಆಗದು. ಬೆಲೆಯನ್ನೂ ಲೆಕ್ಕ ಹಾಕಿ ಬೆಳ್ಳಿಯನ್ನು ಕೈಬಿಟ್ಟೆ.

ಸತುವಿನ ಆಕ್ಸೈಡ್, ಅಂದರೆ ಜಿಂಕ್ ಆಕ್ಸೈಡ್, ಬಿಳಿಯ ವಸ್ತು, ಅಗ್ಗವೂ ಹೌದು. ಅದರಿಂದ ನಿಧಾನವಾಗಿ ಬಿಡುಗಡೆಯಾಗುವ ಸತುವಿನ ಅಯಾನುಗಳೂ ಕಣಗಳ ಮೇಲ್ಮೈಯಲ್ಲಿ ಹುಟ್ಟುವ ಕ್ರಿಯಾಶೀಲ ಆಮ್ಲಜನಕವೂ ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಕೆಡಿಸುತ್ತವೆ. ಸಿದ್ಧ ಕಣಗಳನ್ನು ಅಕ್ರಿಲಿಕ್ ಬೈಂಡರಿನಲ್ಲಿ, ಅಂದರೆ ಅಂಟಿನಲ್ಲಿ, ಕಲಸಿ ಹಚ್ಚುವುದು ಸರಳ ದಾರಿಯಾದರೂ, ಬೈಂಡರ್ ಕಣಗಳನ್ನೇ ಮುಚ್ಚಿಬಿಡುತ್ತದೆ, ಟವೆಲ್ಲಿನ ಕುಣಿಕೆಗಳನ್ನು ಬಿರುಸಾಗಿಸುತ್ತದೆ, ನೀರು ಹೀರುವ ಗುಣವನ್ನೂ ತಗ್ಗಿಸುತ್ತದೆ. ಸಿಟ್ರಿಕ್ ಆಮ್ಲದಿಂದ ಬೆಸೆಯುವ ವಿಧಾನವನ್ನು ಹಲವರು ಸೂಚಿಸುತ್ತಾರೆ; ಆದರೆ ಸತುವಿನ ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ, ಮೇಲಾಗಿ ಹೆಚ್ಚು ಶಾಖದಲ್ಲಿ ಸಿಟ್ರಿಕ್ ಆಮ್ಲ ಹತ್ತಿಯನ್ನು ಹಳದಿಯಾಗಿಸುತ್ತದೆ.

ಆದ್ದರಿಂದ ಕಣಗಳನ್ನು ಎಳೆಯೊಳಗೇ ಹುಟ್ಟಿಸುವ ವಿಧಾನವನ್ನು ಆರಿಸಿಕೊಂಡೆ. ಬಟ್ಟೆಯನ್ನು ಜಿಂಕ್ ಅಸಿಟೇಟ್ ದ್ರಾವಣದಲ್ಲಿ ಅದ್ದಿ, ಪ್ಯಾಡಿಂಗ್ ಮ್ಯಾಂಗಲಿನ ಉರುಳೆಗಳ ನಡುವೆ ಹಿಂಡಿ, ಬೆಚ್ಚಗಿನ ತೆಳು ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಇಳಿಸುತ್ತೇನೆ. ಕಾಸ್ಟಿಕ್ ಕಡಿಮೆಯಾದರೆ ಸತು ಪೂರ್ತಿ ಕಣವಾಗದೆ ತೊಳೆದು ಹೋಗುತ್ತದೆ, ಅತಿಯಾದರೆ ಜಿಂಕೇಟ್ ಎಂಬ ಲವಣವಾಗಿ ಮತ್ತೆ ನೀರಿನಲ್ಲಿ ಕರಗುತ್ತದೆ. ಹೀಗಾಗಿ ದ್ರಾವಣದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆಯ, ಮೇಲೆ ಸದಾ ಕಣ್ಣಿಟ್ಟಿರಬೇಕು. ಆಮೇಲೆ ತೊಳೆದು, ಒಣಗಿಸಿ, 140 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಕೆಲವು ನಿಮಿಷ ಕ್ಯೂರಿಂಗ್ ಮಾಡಿದರೆ, ಅಂದರೆ ಒಣ ಶಾಖ ಕೊಟ್ಟರೆ, ಎಳೆಯಲ್ಲಿ ಕೂತ ಸತುವಿನ ಹೈಡ್ರಾಕ್ಸೈಡ್ ಆಕ್ಸೈಡಾಗಿ ನೆಲೆಗೊಳ್ಳುತ್ತದೆ. ಇದಕ್ಕೂ ಮುಂಚೆ ಹಾಸುನೂಲಿನ ಗಂಜಿ ಮತ್ತು ಹತ್ತಿಯ ಸಹಜ ಮೇಣ ಪೂರ್ತಿ ಹೋಗಿರಬೇಕು. ಮೇಣ ಉಳಿದ ಜಾಗಕ್ಕೆ ದ್ರಾವಣ ಇಳಿಯುವುದಿಲ್ಲ, ಅಲ್ಲಿ ಕಣವೂ ಕೂರುವುದಿಲ್ಲ.

ಎಷ್ಟು ಸತು ಕೂತಿದೆ ಎಂದು ತಿಳಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ತೂಗಿದ ತುಂಡನ್ನು ಮೂಸೆಯಲ್ಲಿಟ್ಟು ಪೂರ್ತಿ ಸುಟ್ಟರೆ, ಚೆನ್ನಾಗಿ ತೊಳೆದ ಹತ್ತಿ ಬಹುತೇಕ ಏನೂ ಉಳಿಸುವುದಿಲ್ಲ. ಲೇಪಿತ ಹತ್ತಿಯ ಬೂದಿ ಕಾದಿರುವಾಗ ಹಳದಿಯಾಗಿ ಕಂಡು, ಆರಿದಂತೆ ಬೆಳ್ಳಗಾಗುತ್ತದೆ. ಸತುವಿನ ಆಕ್ಸೈಡಿನ ಈ ಬಣ್ಣದಾಟವನ್ನು ನೋಡಲು ನನಗೆ ಈಗಲೂ ಖುಷಿ. ಎರಡೂ ಬೂದಿಗಳ ತೂಕದ ವ್ಯತ್ಯಾಸವೇ ನಮಗೆ ಬೇಕಾದ ಅಂದಾಜು.

ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಪ್ರಯೋಗಾಲಯಕ್ಕೇ ಒಪ್ಪಿಸಬೇಕು. ಅಮೆರಿಕದ ಜವಳಿ ಸಂಸ್ಥೆ ಎಎಟಿಸಿಸಿ ರೂಪಿಸಿದ 100ನೇ ಪರೀಕ್ಷಾ ವಿಧಾನದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾಗಳನ್ನು ಬಟ್ಟೆಯ ಮೇಲೆ ಹಾಕಿ, 24 ಗಂಟೆಗಳ ಬಳಿಕ ಉಳಿದವನ್ನು ಎಣಿಸುತ್ತಾರೆ. ವರದಿ ಓದುವಾಗ ಶೇಕಡಾವಾರಿಗೆ ಮರುಳಾಗಬಾರದು: 10 ಲಕ್ಷ ಬ್ಯಾಕ್ಟೀರಿಯಾ 1 ಲಕ್ಷಕ್ಕೆ ಇಳಿದರೂ ಶೇ 90 ಎಂದೇ ಬರೆಯುತ್ತಾರೆ, ಶೇ 99.9 ಎನ್ನಬೇಕಾದರೆ ಅದು 1 ಸಾವಿರಕ್ಕೆ ಇಳಿಯಬೇಕು. ಒಗೆಯದ ತುಂಡಿನ ವರದಿಯೊಂದನ್ನೇ ತೋರಿಸಿ ಮಾಲು ಮಾರುವುದನ್ನು ನಾನು ಒಪ್ಪುವುದಿಲ್ಲ. ಎಎಟಿಸಿಸಿ 61ರ 2ಎ ವಿಧಾನದಲ್ಲಿ 49 ಡಿಗ್ರಿಯಲ್ಲಿ 45 ನಿಮಿಷ ಒಗೆಯುವುದು ಮನೆಯ ಐದು ಒಗೆತಗಳಿಗೆ ಸಮವೆನ್ನುತ್ತಾರೆ. ಇದನ್ನು ಮತ್ತೆ ಮತ್ತೆ ಮಾಡಿದ ಬಳಿಕವೇ ತುಂಡನ್ನು ಪರೀಕ್ಷೆಗೆ ಕಳಿಸುತ್ತೇನೆ. ದೊಡ್ಡ ಲಾಂಡ್ರಿಗಳಲ್ಲಿ ಕೊನೆಯ ನೀರಿಗೆ ಆಮ್ಲ ಬೆರೆಸುವ ರೂಢಿಯಿದೆ, ಅದು ಸತುವನ್ನು ಕರಗಿಸುವುದರಿಂದ ಮಾಲಿನ ಜೊತೆಗೇ ಒಗೆಯುವ ಸೂಚನೆಯನ್ನೂ ಬರೆದು ಕೊಡುತ್ತೇನೆ. ಮೆತ್ತಗಾಗಲೆಂದು ಹಾಕುವ ಸಿಲಿಕೋನ್ ಸಾಫ್ಟ್‌ನರ್ ನೀರನ್ನು ದೂರವಿಡುತ್ತದೆಯಾದ್ದರಿಂದ ಅದನ್ನು ಬಳಸುವುದಿಲ್ಲ.

ತೊಳೆದ ನೀರನ್ನು ಹಾಗೆಯೇ ಚರಂಡಿಗೆ ಬಿಡುವಂತಿಲ್ಲ. ಮೇಲ್ಮೈ ಜಲಮೂಲಗಳಿಗೆ ಸೇರುವ ತ್ಯಾಜ್ಯ ನೀರಿನಲ್ಲಿ ಸತುವಿನ ಮಿತಿ ಲೀಟರಿಗೆ 5 ಮಿಲಿಗ್ರಾಂ. ಪಿಎಚ್ 9ರಿಂದ 10ರ ನಡುವೆ ನಿಲ್ಲಿಸಿದರೆ ಸತು ಹೈಡ್ರಾಕ್ಸೈಡಾಗಿ ತಳ ಸೇರುತ್ತದೆ. ಅದನ್ನು ಸೋಸಿ ಬೇರೆಯಾಗಿಟ್ಟು, ತಿಳಿನೀರಿನ ಪಿಎಚ್ ಸರಿಪಡಿಸಿದ ಮೇಲಷ್ಟೇ ಹೊರಗೆ ಬಿಡುತ್ತೇನೆ.